ಭಾರವೆತ್ತುವವರ ಉಸಿರು

ಜಾತ್ರೆಯ ಬಯಲಿನಲ್ಲಿ ಸಂಗ್ರಾಣಿ ಕಲ್ಲಿಗೆ ಕೈಹಾಕಿದ ಜಟ್ಟಿಯಾಗಲಿ, ನಗರದ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ಲಿನ ಮುಂದೆ ಬಾಗಿದ ತರುಣಿಯಾಗಲಿ, ಭಾರವು ನೆಲವನ್ನು ಬಿಡುವ ಗಳಿಗೆಯಲ್ಲಿ ಉಸಿರನ್ನು ಒಳಕ್ಕೆಳೆದು ಗಂಟಲನ್ನು ಮುಚ್ಚಿ ಎದೆಹೊಟ್ಟೆಗಳನ್ನು ಬಿಗಿಹಿಡಿಯುವುದು ಯಾರ ಉಪದೇಶವನ್ನೂ ಕಾಯದೆ ದೇಹವು ತಾನಾಗಿ ಕೈಗೊಳ್ಳುವ ಕ್ರಮ. ಆದರೆ ಈ ಸಹಜಕ್ರಿಯೆಯನ್ನು ವಿಧಿಯಾಗಿ ಬೋಧಿಸಹೊರಟವರಲ್ಲಿ ಐಕಮತ್ಯವಿಲ್ಲ. ಗರಡಿಮನೆಯ ಉಸ್ತಾದನು ದಮ್ಮು ಕಟ್ಟಿ ಎತ್ತೆನ್ನುವನು. ಜಿಮ್ಮಿನ ತರಬೇತುದಾರನು ಎತ್ತುವಾಗ ಉಸಿರು ಬಿಡು, ಇಳಿಸುವಾಗ ಎಳೆದುಕೊ ಎನ್ನುವನು. ವೈದ್ಯನು ಉಸಿರು ಕಟ್ಟುವುದನ್ನೇ ನಿಷೇಧಿಸುವನು. ಮೂವರ ಮಾತೂ ಒಂದೊಂದು ಪ್ರಶ್ನೆಗೆ ತಕ್ಕ ಉತ್ತರವೇ ಆಗಿದ್ದು, ಬೆನ್ನೆಲುಬನ್ನು ಕುರಿತ ಉತ್ತರವನ್ನು ರಕ್ತನಾಳಗಳಿಗೂ, ರಕ್ತನಾಳಗಳನ್ನು ಕುರಿತ ಉತ್ತರವನ್ನು ಬೆನ್ನೆಲುಬಿಗೂ ಹೇರಿದುದರಿಂದ ಗೊಂದಲ ಬೆಳೆಯಿತೆಂಬುದು ಈ ವಿಷಯದ ಮೂರು ಶತಮಾನಗಳ ಚರಿತ್ರೆಯನ್ನು ಓದಿದವರಿಗೆ ತೋರದಿರದು.

ಚರಿತ್ರೆಯ ಮೊದಲ ಅಧ್ಯಾಯಕ್ಕೂ ಭಾರಕ್ಕೂ ಯಾವ ಸಂಬಂಧವೂ ಇಲ್ಲ. ಇಟಲಿಯ ಬೊಲೋನ್ಯದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಆಂಟೋನಿಯೊ ಮರಿಯಾ ವಾಲ್ಸಾಲ್ವ (1666–1723), ಮಾನವಕರ್ಣವನ್ನು ಕುರಿತು 1704ರಲ್ಲಿ ಪ್ರಕಟಿಸಿದ ತನ್ನ ಲ್ಯಾಟಿನ್ ಗ್ರಂಥದಲ್ಲಿ, ಬಾಯಿಮೂಗುಗಳನ್ನು ಮುಚ್ಚಿಕೊಂಡು ಬಲವಾಗಿ ಉಸಿರನ್ನೊತ್ತಿದರೆ ನಡುಗಿವಿಯಲ್ಲಿ ಸೇರಿದ ಕೀವನ್ನು ಹೊರದೂಡಬಹುದೆಂದು ಬರೆದನು. ಕಿವಿಯ ಚಿಕಿತ್ಸೆಗಾಗಿ ಹೇಳಿದ ಈ ಉಪಾಯವೇ ಇಂದು ಜಗತ್ತಿನ ವ್ಯಾಯಾಮಶಾಲೆಗಳಲ್ಲೆಲ್ಲ ‘ವಾಲ್ಸಾಲ್ವ ಕ್ರಿಯೆ’ಯೆಂದು ಅವನ ಹೆಸರನ್ನು ಉಳಿಸಿದೆ. ಜರ್ಮನಿಯ ಎಡ್ವರ್ಡ್ ವೇಬರನು 1851ರಲ್ಲಿ, ಹೀಗೆ ಎದೆಯೊಳಗಿನ ಒತ್ತಡವನ್ನು ಹೆಚ್ಚಿಸಿದರೆ ನಾಡಿಯ ಬಡಿತವೇ ಅಡಗುವುದೆಂದು ತೋರಿಸಿದ ಮೇಲೆ ವಿಷಯವು ಕಿವಿಯಿಂದ ಹೃದಯಕ್ಕೆ ಬಂದಿತು.

ಹೃದಯದಲ್ಲಿ ನಡೆಯುವುದೇನೆಂಬುದನ್ನು ಅಳತೆಗೆ ತಂದವರಲ್ಲಿ ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ವಿಲಿಯಂ ಹ್ಯಾಮಿಲ್ಟನ್ ಮತ್ತು ಅವರ ಸಂಗಡಿಗರು ಪ್ರಮುಖರು. 1936ರಲ್ಲಿಯೂ 1944ರಲ್ಲಿಯೂ ಅವರು ಪ್ರಕಟಿಸಿದ ಪ್ರಯೋಗಗಳಿಂದ, ಉಸಿರುಕಟ್ಟಿ ಮುಕ್ಕರಿಯುವ ಕ್ರಿಯೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುವ ಪದ್ಧತಿಯು ನೆಲೆಗೊಂಡಿತು. ಎದೆಗೂಡು ಬಿಗಿದೊಡನೆ ಅದರೊಳಗಿನ ಒತ್ತಡವು ಮಹಾಧಮನಿಗೆ ನೇರವಾಗಿ ಮುಟ್ಟಿ ರಕ್ತದೊತ್ತಡವು ಸರ್ರನೆ ಏರುವುದು. ಬಿಗಿತವು ಮುಂದುವರಿದರೆ ಸಿರೆಗಳ ರಕ್ತವು ಎದೆಯನ್ನು ಪ್ರವೇಶಿಸಲಾರದೆ ಹೃದಯಕ್ಕೆ ಮರಳುವ ರಕ್ತವು ಕುಗ್ಗಿ, ಏರಿದ ಒತ್ತಡವು ಇಳಿಯತೊಡಗುವುದು; ಅದನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿದು ಧಮನಿಗಳು ಸಂಕುಚಿಸುವುವು. ಉಸಿರನ್ನು ಬಿಟ್ಟ ಕ್ಷಣ ಒತ್ತಡವು ಮತ್ತಷ್ಟು ಕುಸಿದು, ಮರುಗಳಿಗೆಯಲ್ಲಿ, ತಡೆಹಿಡಿಯಲ್ಪಟ್ಟಿದ್ದ ರಕ್ತವು ಸಂಕುಚಿತ ಧಮನಿಗಳೊಳಕ್ಕೆ ನುಗ್ಗುವುದರಿಂದ ಮೊದಲಿನ ಮಟ್ಟವನ್ನು ಮೀರಿ ಪುಟಿಯುವುದು. ಎರಡುಮೂರು ಸೆಕೆಂಡುಗಳ ಬಿಗಿತಕ್ಕೂ ಹತ್ತು ಹದಿನೈದು ಸೆಕೆಂಡುಗಳ ಬಿಗಿತಕ್ಕೂ ಇರುವ ಅಂತರವು ಕೇವಲ ಕಾಲದ್ದಲ್ಲ, ದೇಹಸ್ಥಿತಿಯದು. ನಮ್ಮ ಬೋಧಕರು ಬಹುತೇಕ ಮರೆಯುವ ಈ ಸಂಗತಿಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಉಸಿರು ಪ್ರಯೋಗಶಾಲೆಯನ್ನು ಹೊಕ್ಕಿತ್ತು. 1924ರಲ್ಲಿ ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು, ಉಡ್ಡೀಯಾನಾದಿ ಯೋಗಕ್ರಿಯೆಗಳಲ್ಲಿ ದೇಹದೊಳಗಿನ ಒತ್ತಡವು ಹೇಗೆ ಮಾರ್ಪಡುವುದೆಂದು ಉಪಕರಣಗಳಿಂದ ಅಳೆದರು. ಅಲ್ಲಿ ಅವರಿಗೆ ದೊರೆತುದು ಒತ್ತಡದ ಏರಿಕೆಗೆ ಬದಲಾಗಿ ಇಳಿಕೆ. ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್, ಕನ್ನಡಿಗರು ‘ಶಾಂತಲಾ’ ‘ರೂಪದರ್ಶಿ’ಗಳ ಕರ್ತೃವೆಂದು ಆದರದಿಂದ ನೆನೆಯುವ ಆ ಮಹನೀಯರು, ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸಾಧನಕ್ರಮದಲ್ಲಿ ಸೇರಿಸಿದರು. ಚಲನೆಯನ್ನು ಉಸಿರಿನ ಗತಿಗೆ ಒಪ್ಪಿಸುವ ಪರಂಪರೆ ಒಂದು, ಉಸಿರನ್ನು ಭಾರದ ಗತಿಗೆ ಒಪ್ಪಿಸುವ ಪರಂಪರೆ ಇನ್ನೊಂದು. ಇವೆರಡೂ ಒಂದೇ ಸೂರಿನ ಕೆಳಗೆ ಬಾಳಿದ ನಾಡು ನಮ್ಮದೆಂಬುದು ಸಂತೋಷದ ವಿಷಯ.

ಯುದ್ಧಾನಂತರದ ಸಂಶೋಧನೆಯು ಗಮನವನ್ನು ಹೃದಯದಿಂದ ಬೆನ್ನೆಲುಬಿನತ್ತ ಹೊರಳಿಸಿತು. ಬಾಗಿ ಭಾರವನ್ನೆತ್ತುವವರ ಸೊಂಟದ ಕಶೇರುಗಳ ಮೇಲೆ ಬೀಳುವ ಒತ್ತನ್ನು ಲೆಕ್ಕಹಾಕಿದರೆ, ಮೂಳೆಯೂ ಕಶೇರುಗಳ ನಡುವಣ ಬಿಲ್ಲೆಗಳೂ ಅದನ್ನು ತಾಳುವುದೇ ಅಸಂಭವವೆಂಬಂತೆ ಕಾಣುತ್ತಿತ್ತು. ಈ ಒಗಟಿಗೆ 1957ರಲ್ಲಿ ಬಾರ್ಟೆಲಿಂಕ್ ಎಂಬ ವಿದ್ವಾಂಸನು ಕೊಟ್ಟ ಸಮಾಧಾನವೇನೆಂದರೆ, ವಪೆಯು ಕೆಳಗಿಳಿದು ಹೊಟ್ಟೆಯ ಸ್ನಾಯುಗಳು ಬಿಗಿದಾಗ ಉದರವು ಗಾಳಿ ತುಂಬಿದ ಚೆಂಡಿನಂತೆ ಗಡುಸಾಗಿ ಬೆನ್ನಿನ ಮುಂಭಾಗಕ್ಕೆ ಆಸರೆಯಾಗುವುದೆಂಬುದು. 1961ರಲ್ಲಿ ಮಾರಿಸ್, ಲೂಕಸ್ ಮತ್ತು ಬ್ರೆಸ್ಲರ್ ಎಂಬ ಮೂವರು ಅಮೆರಿಕನ್ನರು, ಈ ಆಸರೆಯಿಂದ ಸೊಂಟದ ತಳಭಾಗದ ಹೊರೆ ಶೇಕಡಾ 30ರಷ್ಟೂ ಎದೆಬೆನ್ನಿನ ಕೆಳಭಾಗದ ಹೊರೆ ಶೇಕಡಾ 50ರಷ್ಟೂ ತಗ್ಗುವುದೆಂದು ಗಣಿಸಿದರು. ಗರಡಿಯ ದಮ್ಮು ಕಟ್ಟುವ ವಿಧಿಗೆ ವಿಜ್ಞಾನದ ಸಮರ್ಥನೆ ದೊರೆತಂತಾಯಿತು.

ಆದರೆ ಆ ಸಮರ್ಥನೆಯು ಬಹುಕಾಲ ಅಬಾಧಿತವಾಗಿ ನಿಲ್ಲಲಿಲ್ಲ. ಜೀವಂತ ಮನುಷ್ಯರ ಕಶೇರುಬಿಲ್ಲೆಗಳೊಳಗೆ ಸೂಜಿಯಿಟ್ಟು ಒತ್ತಡವನ್ನಳೆದ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಮತ್ತು ಜೊತೆಗಾರರು 1986ರಲ್ಲಿ, ಉಸಿರುಕಟ್ಟಿ ಮುಕ್ಕರಿದಾಗ ಕೆಲವು ಭಂಗಿಗಳಲ್ಲಿ ಬಿಲ್ಲೆಯ ಒತ್ತಡವು ತಗ್ಗುವುದಿರಲಿ, ಹೆಚ್ಚೇ ಆಗುವುದೆಂದು ಕಂಡರು. ಹೊಟ್ಟೆಯನ್ನು ಬಿಗಿಯುವ ಸ್ನಾಯುಗಳೇ ಬೆನ್ನನ್ನು ಮತ್ತಷ್ಟು ಒತ್ತುವುದು ಅದಕ್ಕೆ ಕಾರಣ. ಕೆನಡದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಹಚರರು ಈ ಎರಡು ಮತಗಳನ್ನು ಬೇರೊಂದು ನೆಲೆಗೆ ಒಯ್ದು, ಉದರಾಂತರ ಒತ್ತಡದ ಮುಖ್ಯಫಲವು ಹೊರೆಯನ್ನು ತಗ್ಗಿಸುವುದಕ್ಕಿಂತ ಬೆನ್ನೆಲುಬು ಹಠಾತ್ತನೆ ಬಾಗಿ ಜಾರದಂತೆ ಅದಕ್ಕೆ ದೃಢತೆಯನ್ನು ಕೊಡುವುದರಲ್ಲಿದೆಯೆಂದು 1999ರ ಹೊತ್ತಿಗೆ ಪ್ರತಿಪಾದಿಸಿದರು. ಸ್ಕ್ವಾಟ್, ಡೆಡ್‌ಲಿಫ್ಟುಗಳಲ್ಲಿ ಸೊಂಟಕ್ಕೆ ಕಟ್ಟುವ ಬೆಲ್ಟಿನ ಉಪಯೋಗವನ್ನೂ ಹೀಗೆಯೇ ತಿಳಿಯಬೇಕು: ಹೊಟ್ಟೆಯು ಒತ್ತಲು ಅದೊಂದು ಗೋಡೆ.

ಈ ನಡುವೆ ರಕ್ತನಾಳಗಳ ಪ್ರಶ್ನೆಯು ಭಯಂಕರ ರೂಪದಲ್ಲಿ ಮರಳಿ ಬಂದಿತು. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮೆಕ್‌ಡೂಗಲ್ ಮತ್ತು ಸಂಗಡಿಗರು ಐವರು ದೇಹದಾರ್ಢ್ಯಪಟುಗಳ ತೋಳಿನ ಧಮನಿಯೊಳಕ್ಕೆ ನಳಿಕೆಯನ್ನಿಟ್ಟು, ಅವರು ಎರಡೂ ಕಾಲುಗಳಿಂದ ಭಾರವನ್ನೊತ್ತುವಾಗ ಅಳೆದ ರಕ್ತದೊತ್ತಡದ ಸರಾಸರಿ 320/250 ಮಿಲಿಮೀಟರು ಪಾದರಸ. ಅವರಲ್ಲೊಬ್ಬನದು 480/350ನ್ನು ಮೀರಿತ್ತು. 1985ರಲ್ಲಿ ಈ ಅಂಕಿಗಳು ಪ್ರಕಟವಾದಾಗ ವೈದ್ಯಲೋಕವು ಬೆಚ್ಚಿದುದು ಸಹಜವೇ. ಹತ್ತು ವರ್ಷಗಳ ಮೇಲೆ ನಾರ್ಲೋಕ್ ಮತ್ತು ಬ್ರಾಂಡ್‌ಸ್ಟೇಟರ್ ನಡೆಸಿದ ಪ್ರಯೋಗದಲ್ಲಿ, ಎತ್ತಬಲ್ಲ ಗರಿಷ್ಠಭಾರವನ್ನೇ ಉಸಿರು ಕಟ್ಟಿ ಒತ್ತಿದಾಗ 311/284ರಷ್ಟಿದ್ದ ಒತ್ತಡವು, ಮೆಲ್ಲನೆ ಉಸಿರು ಬಿಡುತ್ತ ಒತ್ತಿದಾಗ 198/175ಕ್ಕೆ ಇಳಿಯಿತು. ಉಸಿರು ಬಿಡುತ್ತ ಎತ್ತೆಂಬ ಉಪದೇಶಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹಾಗಾದರೆ ಅಷ್ಟು ಒತ್ತಡವನ್ನು ದಿನದಿನವೂ ಸಹಿಸುವ ಪಟುಗಳ ಮಿದುಳಿನ ನಾಳಗಳು ಒಡೆಯದಿರುವುದೇಕೆ? ಉತ್ತರವು ಹ್ಯಾಮಿಲ್ಟನ್ನರ 1944ರ ಲೇಖನದಲ್ಲಿಯೇ ಇತ್ತು. ಎದೆಹೊಟ್ಟೆಗಳು ಬಿಗಿದಾಗ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವದ ಒತ್ತಡವೂ ಜೊತೆಜೊತೆಗೆ ಏರುವುದರಿಂದ, ನಾಳದ ಗೋಡೆಯನ್ನು ಒಳಗಿನಿಂದ ರಕ್ತವು ಒತ್ತುವಂತೆಯೇ ಹೊರಗಿನಿಂದ ದ್ರವವೂ ಒತ್ತಿ, ಗೋಡೆಯ ಮೇಲಿನ ಸೆಳೆತವು ಬಹುಮಟ್ಟಿಗೆ ಪರಿಹಾರವಾಗುವುದು. ಹೈಕೋವ್‌ಸ್ಕಿ ಮತ್ತು ಸಂಗಡಿಗರು 2003ರಲ್ಲಿ ಈ ತತ್ತ್ವವನ್ನು ಭಾರವೆತ್ತುವಿಕೆಗೇ ಅನ್ವಯಿಸಿ ನೋಡಿ ದೃಢಪಡಿಸಿದರು. ಆರೋಗ್ಯವಂತರಿಗೆ ಇದೊಂದು ನಿಜವಾದ ಕವಚ. ಆದರೆ ಧಮನಿಗೋಡೆ ಉಬ್ಬಿ ತೆಳುವಾಗಿರುವವರೂ, ಅಧಿಕ ರಕ್ತದೊತ್ತಡ, ಹೃದ್ರೋಗ, ಅಕ್ಷಿಪಟಲದ ವ್ಯಾಧಿ, ಹರ್ನಿಯಾ ಮುಂತಾದವುಗಳಿಂದ ನರಳುವವರೂ ಈ ಕವಚವನ್ನು ನಂಬಿ ದಮ್ಮು ಕಟ್ಟಕೂಡದು. ಅವರಿಗೆ ಹಗುರಭಾರವೂ ತೆರೆದ ಕಂಠವೂ ಕ್ಷೇಮಕರ.

ಮೂರ್ಛೆಯ ವಿಷಯ ಬೇರೆ. ಭಾರವೆತ್ತುವವರ ಕಣ್ಣು ಕತ್ತಲಿಟ್ಟು ಬೀಳುವುದನ್ನು ಪರೀಕ್ಷಿಸಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು, ಮೊದಲೇ ಸರಸರನೆ ಆಳವಾಗಿ ಉಸಿರಾಡಿ, ಕುಕ್ಕರುಗಾಲಿನಲ್ಲಿ ತಡೆದು, ಅನಂತರ ಉಸಿರುಕಟ್ಟಿ ಮೇಲೇಳುವುದರಿಂದ ಮಿದುಳಿಗೆ ರಕ್ತವು ಸಾಲದಾಗುವುದೆಂದು ತೋರಿಸಿತು. ಎತ್ತುವ ಮೊದಲು ಬುಸುಗುಟ್ಟುವುದನ್ನು ಶೌರ್ಯವೆಂದೆಣಿಸುವ ತರುಣರು ಇದನ್ನು ಅವಶ್ಯವಾಗಿ ತಿಳಿಯಬೇಕು.

ಗರಿಷ್ಠ ಸಾಮರ್ಥ್ಯದ ಶೇಕಡಾ 80ರ ಆಸುಪಾಸನ್ನು ಭಾರವು ದಾಟಿದರೆ ಉಸಿರುಕಟ್ಟುವುದು ಅನಿವಾರ್ಯವೆಂದು ಸಂಶೋಧಕರು ಈಗ ಬಹುಮಟ್ಟಿಗೆ ಒಪ್ಪುತ್ತಾರೆ. ಆದ್ದರಿಂದ ಹಗುರಭಾರವನ್ನು ಅನೇಕ ಸಲ ಎತ್ತುವವರು ಶ್ರಮದ ಭಾಗದಲ್ಲಿ ಉಸಿರನ್ನು ಬಿಟ್ಟು, ಇಳಿಸುವ ಭಾಗದಲ್ಲಿ ಎಳೆದುಕೊಳ್ಳುವುದೂ, ಘನಭಾರವನ್ನು ಒಂದೆರಡು ಸಲ ಎತ್ತುವ ಆರೋಗ್ಯವಂತ ಪಟುಗಳು ಕಠಿನಘಟ್ಟವನ್ನು ದಾಟುವ ಎರಡುಮೂರು ಸೆಕೆಂಡು ಮಾತ್ರ ತಡೆದು, ಪ್ರತಿ ಎತ್ತುವಿಕೆಯ ನಡುವೆ ಹೊಸ ಉಸಿರನ್ನು ಪಡೆಯುವುದೂ ವಿಹಿತ.

ಆದರೆ ಈ ಸಂಶೋಧನೆಗಳಲ್ಲಿ ಬಹುಪಾಲು ನಿಂತು ಎತ್ತಿ ಇಳಿಸುವವರನ್ನು ಕುರಿತವು. ಬೆನ್ನಿನ ಮೇಲೆ 50 ಕಿಲೋಗ್ರಾಮಿನ ಸಿಮೆಂಟು ಚೀಲವನ್ನು ಹೊತ್ತು ಲಾರಿಯ ಹಲಗೆಯನ್ನೇರುವ ಹಮಾಲನು ಉಸಿರನ್ನು ಕಟ್ಟಿ ನಡೆಯಲಾರನು, ಬಿಟ್ಟು ಬೆನ್ನನ್ನು ಸಡಿಲಿಸಲಾರನು. 1995ರಲ್ಲಿ ಮೆಕ್‌ಗಿಲ್ಲರು, ಭಾರವನ್ನು ಹಿಡಿದಿರುವಾಗಲೇ ಏದುಸಿರು ಬಿಡಬೇಕಾದವರ ಮುಂಡದ ಸ್ನಾಯುಗಳಿಗೆ ಬೆನ್ನನ್ನು ಕಾಯುವ ಮತ್ತು ಉಸಿರಾಡಿಸುವ ಎರಡು ಕೆಲಸಗಳು ಒಟ್ಟಿಗೆ ಬೀಳುವುವೆಂದು ತೋರಿಸಿದರು. ನಮ್ಮ ಮಂಡಿಗಳಲ್ಲಿ ದಿನವಿಡೀ ಈ ಎರಡು ಕೆಲಸಗಳನ್ನೂ ಮಾಡುವ ಸಾವಿರಾರು ಜನರಿರುವಲ್ಲಿ, ಅವರ ಉಸಿರನ್ನೂ ಬೆನ್ನನ್ನೂ ಅಳೆಯುವ ಕಾರ್ಯವನ್ನು ನಮ್ಮ ವೈದ್ಯಕೀಯ ವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.