ಇಂಗ್ಲೆಂಡಿನ ಕಿರೀಟ ಮತ್ತು ಕ್ಯಾಂಟರ್ಬರಿಯ ನಿರಾಕರಣೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಮಗನಾಗಿ ಹುಟ್ಟಿದ ಮಾತ್ರಕ್ಕೆ ಯಾರೂ ರಾಜನಾಗುತ್ತಿರಲಿಲ್ಲ. ಸಿಂಹಾಸನದ ಹಕ್ಕುದಾರನು ವೆಸ್ಟ್‌ಮಿನ್‌ಸ್ಟರ್ ಮಠದಲ್ಲಿ ಪ್ರಮಾಣ ಸ್ವೀಕರಿಸಿ, ಪವಿತ್ರ ತೈಲದ ಅಭಿಷೇಕ ಪಡೆದು, ಕಿರೀಟ ಧರಿಸಿದ ಮೇಲೆಯೇ ಅವನಿಗೆ ರಾಜನೆಂಬ ಹೆಸರು ಸಲ್ಲುತ್ತಿತ್ತು. ಆ ಅಭಿಷೇಕವನ್ನು ನೆರವೇರಿಸುವುದು ತನ್ನ ಹಕ್ಕೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೀಠವು ಸಾರುತ್ತಿತ್ತು. ಖಡ್ಗವು ರಾಜನ ಕೈಯಲ್ಲಿತ್ತು. ಆದರೆ ತನ್ನ ನಂತರ ಯಾರು ಎಂಬ ಪ್ರಶ್ನೆ ಬಂದಾಗ ಅವನು ಒಬ್ಬ ಧರ್ಮಗುರುವಿನ ಕೈಯನ್ನು ನಿರೀಕ್ಷಿಸಬೇಕಾಗಿತ್ತು. ಆ ಕೈ ಮುಂದೆ ಬರದಿದ್ದರೆ ಏನಾಗುತ್ತದೆ ಎಂಬುದನ್ನು 12ನೇ ಶತಮಾನದ ಎರಡು ಘಟನೆಗಳು ನಮಗೆ ತೋರಿಸಿಕೊಡುತ್ತವೆ.

1120ರ ನವೆಂಬರ್‌ನಲ್ಲಿ ನಾರ್ಮಂಡಿಯ ತೀರದಿಂದ ಹೊರಟ ‘ವೈಟ್ ಶಿಪ್’ ಎಂಬ ಹಡಗು ಬಂಡೆಗೆ ಬಡಿದು ಮುಳುಗಿತು. ದೊರೆ ಒಂದನೇ ಹೆನ್ರಿಯ ಏಕೈಕ ಸಕ್ರಮ ಪುತ್ರ ವಿಲಿಯಂ ಅದರಲ್ಲಿ ಜೀವ ಕಳೆದುಕೊಂಡನು. ಇನ್ನುಳಿದವಳು ಮಗಳು ಮಟಿಲ್ಡಾ. 1127ರಲ್ಲಿ ಹೆನ್ರಿಯು ತನ್ನ ಸರದಾರರನ್ನೂ ಬಿಷಪ್‌ಗಳನ್ನೂ ಕರೆಸಿ, ತನಗೆ ಗಂಡು ಸಂತಾನವಾಗದಿದ್ದಲ್ಲಿ ಮಟಿಲ್ಡಾಳನ್ನೇ ಒಡತಿಯೆಂದು ಒಪ್ಪುವುದಾಗಿ ಆಣೆ ಮಾಡಿಸಿದನು. ಹಾಗೆ ಆಣೆಯಿಟ್ಟವರಲ್ಲಿ ದೊರೆಯ ಸೋದರಳಿಯ ಸ್ಟೀಫನ್ ಇದ್ದನು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಕೂಡ ಇದ್ದನು. 1135ರ ಡಿಸೆಂಬರ್ 1ರಂದು ಹೆನ್ರಿ ತೀರಿಕೊಂಡನು. ಅದೇ ತಿಂಗಳ 22ರಂದು ಅದೇ ಆರ್ಚ್‌ಬಿಷಪ್ ಅದೇ ಸ್ಟೀಫನ್‌ನ ತಲೆಯ ಮೇಲೆ ಕಿರೀಟವನ್ನಿಟ್ಟನು! ಮರಣಶಯ್ಯೆಯಲ್ಲಿ ದೊರೆಯು ಮನಸ್ಸು ಬದಲಿಸಿದ್ದನೆಂದು ಆಸ್ಥಾನಿಕನೊಬ್ಬ ಹೇಳಿದ ಸಾಕ್ಷ್ಯವೇ ಇದಕ್ಕೆ ಆಧಾರವಾಯಿತು. ಸ್ಟೀಫನ್‌ನ ಸ್ವಂತ ಸಹೋದರ, ವಿಂಚೆಸ್ಟರ್‌ನ ಬಿಷಪ್ ಹೆನ್ರಿ, ನಡುವೆ ನಿಂತು ದಾರಿ ಸುಗಮಗೊಳಿಸಿದನು. ಈ ಇತಿಹಾಸದಲ್ಲಿ ಧರ್ಮಗುರುಗಳೆಲ್ಲ ಸತ್ಯನಿಷ್ಠರು, ರಾಜರೆಲ್ಲ ದುಷ್ಟರು ಎಂದು ಬಗೆಯುವವರು ಈ ಮೂರು ವಾರಗಳನ್ನು ಮರೆಯಬಾರದು.

ಮುರಿದ ಆಣೆಯ ಬೆಲೆಯನ್ನು ನಾಡು ಸುಮಾರು ಎರಡು ದಶಕಗಳ ಕಾಲ ತೆತ್ತಿತು. ಮಟಿಲ್ಡಾ ತನ್ನ ಹಕ್ಕಿಗಾಗಿ ಯುದ್ಧಕ್ಕಿಳಿದಳು. 1141ರ ಫೆಬ್ರವರಿಯಲ್ಲಿ ಲಿಂಕನ್‌ನಲ್ಲಿ ಸ್ಟೀಫನ್ ಸೆರೆಯಾದಾಗ ವಿಂಚೆಸ್ಟರ್‌ನ ಬಿಷಪ್ ಸಭೆ ಸೇರಿಸಿ ಮಟಿಲ್ಡಾಳ ಪರ ಘೋಷಣೆ ಮಾಡಿದನು. ಸೋದರನ ಬಿಡುಗಡೆಯಾದ ಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಸಭೆ ಸೇರಿಸಿ ಆ ಮಾತನ್ನು ಹಿಂದೆಗೆದುಕೊಂಡನು. ಲಂಡನ್ ನಗರದ ಜನ ಹೊರಗಟ್ಟಿದ್ದರಿಂದ ಮಟಿಲ್ಡಾಳಿಗೆ ಪಟ್ಟಾಭಿಷೇಕದ ಭಾಗ್ಯ ಎಂದೂ ಒದಗಲಿಲ್ಲ.

ವಯಸ್ಸಾಗುತ್ತಾ ಬಂದ ಸ್ಟೀಫನ್‌ಗೆ ತನ್ನ ಮಗ ಯೂಸ್ಟೇಸ್‌ನ ಚಿಂತೆ ಹತ್ತಿತು. ಫ್ರಾನ್ಸಿನ ದೊರೆಗಳು ತಾವು ಬದುಕಿರುವಾಗಲೇ ಮಗನಿಗೆ ಪಟ್ಟ ಕಟ್ಟಿಸಿ ಉತ್ತರಾಧಿಕಾರವನ್ನು ಭದ್ರಪಡಿಸಿಕೊಳ್ಳುತ್ತಿದ್ದರು. ಅದೇ ಉಪಾಯವನ್ನು ಇಂಗ್ಲೆಂಡಿನಲ್ಲಿಯೂ ಪ್ರಯೋಗಿಸಲು ಅವನು ನಿಶ್ಚಯಿಸಿದನು. ಆಗ ಕ್ಯಾಂಟರ್ಬರಿ ಪೀಠದಲ್ಲಿದ್ದವನು ಥಿಯೊಬಾಲ್ಡ್. ಮೂಲತಃ ನಾರ್ಮಂಡಿಯ ಬೆಕ್ ಮಠದ ಸನ್ಯಾಸಿ; ಅಬ್ಬರದ ಮನುಷ್ಯನಲ್ಲ. ಆದರೆ 1148ರಲ್ಲಿ ಪೋಪರು ಕರೆದ ರೈಮ್ಸ್ ಸಭೆಗೆ ಹೋಗಕೂಡದೆಂದು ದೊರೆ ತಡೆದಾಗ ಅವನು ಸಣ್ಣ ಮೀನುಗಾರಿಕೆ ದೋಣಿಯೊಂದನ್ನೇರಿ ಕಡಲು ದಾಟಿ ಹೋಗಿದ್ದನು.

1152ರಲ್ಲಿ ಲಂಡನ್‌ನಲ್ಲಿ ಸಭೆ ಸೇರಿತು. ಸರದಾರರು ಯೂಸ್ಟೇಸ್‌ಗೆ ನಿಷ್ಠೆಯ ಪ್ರಮಾಣ ಮಾಡಿದರು. ಅಭಿಷೇಕ ಮಾಡಿರೆಂದು ದೊರೆ ಕೇಳಿದಾಗ ಆರ್ಚ್‌ಬಿಷಪ್ ಒಪ್ಪಲಿಲ್ಲ. ಸ್ಟೀಫನ್ ಆಣೆ ಮುರಿದು ರಾಜ್ಯ ಪಡೆದವನು, ಆದುದರಿಂದ ಅವನ ಮಗನಿಗೆ ಪಟ್ಟ ಕಟ್ಟಕೂಡದೆಂದು ಪೋಪರ ಆದೇಶವಿದೆ ಎಂಬುದು ಬಿಷಪ್‌ಗಳ ಉತ್ತರವಾಗಿತ್ತು. ಕೋಪಗೊಂಡ ತಂದೆ ಮಕ್ಕಳು ಬಿಷಪ್‌ಗಳನ್ನು ಒಂದು ಮನೆಯಲ್ಲಿ ಕೂಡಿಹಾಕಿ ಬೆದರಿಸಿದರು. ಕೆಲವರ ಧೈರ್ಯ ಕುಗ್ಗಿತು. ಥಿಯೊಬಾಲ್ಡ್ ಮಾತ್ರ ತಪ್ಪಿಸಿಕೊಂಡು ಥೇಮ್ಸ್ ನದಿಯನ್ನು ದಾಟಿ ಸಮುದ್ರದಾಚೆಗೆ ಹೋದನು. ಅವನ ಆಸ್ತಿ ಮುಟ್ಟುಗೋಲಾಯಿತು. ಆದರೆ ಅಭಿಷೇಕ ನಡೆಯಲಿಲ್ಲ.

ಇಲ್ಲಿ ಥಿಯೊಬಾಲ್ಡ್‌ನ ನಿಲುವಿನ ಸೂಕ್ಷ್ಮವನ್ನು ನಾವು ಗಮನಿಸಬೇಕು. ಅವನು ಸ್ಟೀಫನ್‌ನನ್ನು ಸಿಂಹಾಸನದಿಂದ ಇಳಿಸಲು ಹೊರಟವನಲ್ಲ. ಅಭಿಷಿಕ್ತನಾದ ದೊರೆಯನ್ನು ಅವನು ದೊರೆಯೆಂದೇ ಒಪ್ಪಿದ್ದನು. ವಿವಾದದಲ್ಲಿರುವ ಹಕ್ಕೊಂದು ತಂದೆಯಿಂದ ಮಗನಿಗೆ ಆಸ್ತಿಯಂತೆ ಹರಿದುಹೋಗಿ ಶಾಶ್ವತವಾಗುವುದಕ್ಕೆ ಮಾತ್ರ ಅವನು ಅಡ್ಡ ನಿಂತನು. ನಮ್ಮ ದೃಷ್ಟಿಯಲ್ಲಿ, ಬಹಿರಂಗವಾಗಿ ದಂಗೆಯೇಳುವುದಕ್ಕಿಂತ ಇದು ಕಷ್ಟದ ಮಾರ್ಗ. ದಂಗೆಯೆದ್ದವನಿಗೆ ಎದುರು ಪಕ್ಷದ ಆಶ್ರಯವಾದರೂ ಇರುತ್ತದೆ.

ಫಲ ಬೇಗನೆ ಕಂಡಿತು. 1153ರ ಆರಂಭದಲ್ಲಿ ಮಟಿಲ್ಡಾಳ ಮಗ ಹೆನ್ರಿ ಸೈನ್ಯದೊಂದಿಗೆ ಬಂದಿಳಿದನು. ಆಗಸ್ಟ್‌ನಲ್ಲಿ ಯೂಸ್ಟೇಸ್ ಹಠಾತ್ತಾಗಿ ಮೃತಪಟ್ಟನು. ಅವನಿಗೆ ಪಟ್ಟವಾಗಿರಲಿಲ್ಲವಾದ್ದರಿಂದ ಸಂಧಿಯ ಬಾಗಿಲು ತೆರೆದೇ ಇತ್ತು. ಈಗ ನಾಡಿಗೆ ಮರಳಿದ್ದ ಥಿಯೊಬಾಲ್ಡ್ ಎರಡೂ ಪಕ್ಷಗಳ ನಡುವೆ ಓಡಾಡಿದನು. ನವೆಂಬರ್‌ನಲ್ಲಿ ವಿಂಚೆಸ್ಟರ್‌ನಲ್ಲಿ ಒಪ್ಪಂದವಾಯಿತು: ಸ್ಟೀಫನ್ ಬದುಕಿರುವಷ್ಟು ಕಾಲ ಆಳುವನು, ಅವನ ನಂತರ ಹೆನ್ರಿ. 1154ರ ಡಿಸೆಂಬರ್ 19ರಂದು ಥಿಯೊಬಾಲ್ಡ್‌ನೇ ಎರಡನೇ ಹೆನ್ರಿಗೆ ಕಿರೀಟ ತೊಡಿಸಿದನು.

ಒಬ್ಬ ಆರ್ಚ್‌ಬಿಷಪ್‌ನ ನಿರಾಕರಣೆಯ ನೆರವಿನಿಂದ ಸಿಂಹಾಸನವೇರಿದ ಈ ಹೆನ್ರಿಯೇ ಹದಿನಾರು ವರ್ಷಗಳ ಬಳಿಕ ಸ್ಟೀಫನ್‌ನ ಹಾದಿಯನ್ನು ತುಳಿದನು. ಆಗಿನ ಆರ್ಚ್‌ಬಿಷಪ್ ಥಾಮಸ್ ಬೆಕೆಟ್. ಅವನು ಥಿಯೊಬಾಲ್ಡ್‌ನ ಮನೆಯಲ್ಲಿ ಗುಮಾಸ್ತನಾಗಿ ಬೆಳೆದವನು. ಯೂಸ್ಟೇಸ್‌ನ ಪಟ್ಟವನ್ನು ತಡೆದ ಪೋಪರ ಆದೇಶವನ್ನು ತಂದುಕೊಟ್ಟವನೂ ಇವನೇ ಎಂದು ಕ್ಯಾಂಟರ್ಬರಿಯ ಚರಿತ್ರಕಾರ ಗರ್ವೇಸ್ ಬರೆದಿದ್ದಾನೆ. ಒಂದು ಕಾಲಕ್ಕೆ ಹೆನ್ರಿಯ ಆಪ್ತ ಮಂತ್ರಿಯಾಗಿದ್ದ ಬೆಕೆಟ್, ಚರ್ಚಿನ ನ್ಯಾಯಾಧಿಕಾರದ ವಿಷಯದಲ್ಲಿ ದೊರೆಯೊಂದಿಗೆ ಜಗಳವಾಗಿ 1164ರಿಂದ ಫ್ರಾನ್ಸಿನಲ್ಲಿ ಗಡಿಪಾರಿನ ಜೀವನ ನಡೆಸುತ್ತಿದ್ದನು. ಕ್ಯಾಂಟರ್ಬರಿಯ ಕೈ ದೊರಕದಿದ್ದಾಗ ಹೆನ್ರಿ ಬೇರೊಂದು ಕೈಯನ್ನು ಹುಡುಕಿದನು. ಬಂದರುಗಳಿಗೆ ಕಾವಲಿಟ್ಟು ಪೋಪರ ನಿಷೇಧಪತ್ರಗಳು ಒಳಬರದಂತೆ ನೋಡಿಕೊಂಡು, 1170ರ ಜೂನ್ 14ರಂದು ಯಾರ್ಕ್‌ನ ಆರ್ಚ್‌ಬಿಷಪ್ ರೋಜರ್‌ನಿಂದ ತನ್ನ ಹದಿನೈದು ವರ್ಷದ ಮಗ ಹೆನ್ರಿಗೆ ಪಟ್ಟ ಕಟ್ಟಿಸಿದನು. ಲಂಡನ್ ಮತ್ತು ಸಾಲಿಸ್‌ಬರಿಯ ಬಿಷಪ್‌ಗಳು ಅದಕ್ಕೆ ಜೊತೆಯಾದರು.

ಬೆಕೆಟ್‌ಗೆ ಇದು ಪೀಠದ ಹಕ್ಕಿನ ಅಪಹರಣವಾಗಿ ಕಂಡಿತು. ಜುಲೈನಲ್ಲಿ ದೊರೆಯೊಂದಿಗೆ ರಾಜಿಯಾದರೂ, ಡಿಸೆಂಬರ್ ಆರಂಭದಲ್ಲಿ ಊರಿಗೆ ಮರಳುವ ಮುನ್ನವೇ ಅವನು ಪೋಪರ ಶಿಕ್ಷಾಪತ್ರಗಳನ್ನು ಕಳುಹಿಸಿದ್ದನು: ಯಾರ್ಕ್‌ನ ರೋಜರ್‌ನ ಅಮಾನತು, ಉಳಿದಿಬ್ಬರಿಗೆ ಬಹಿಷ್ಕಾರ. ಅವರು ನಾರ್ಮಂಡಿಗೆ ಧಾವಿಸಿ ದೊರೆಯ ಮುಂದೆ ದೂರಿಟ್ಟರು. ರೋಷದಲ್ಲಿ ಹೆನ್ರಿ ನುಡಿದ ಮಾತುಗಳನ್ನು ಚರಿತ್ರಕಾರರು ಬೇರೆ ಬೇರೆ ರೀತಿಯಲ್ಲಿ ದಾಖಲಿಸಿದ್ದಾರೆ. ನಾಲ್ವರು ಯೋಧರು ಅದನ್ನು ಅಪ್ಪಣೆಯೆಂದೇ ತಿಳಿದು ಕಡಲು ದಾಟಿದರು. ಡಿಸೆಂಬರ್ 29ರ ಸಂಜೆ ಕ್ಯಾಂಟರ್ಬರಿಯ ಪ್ರಾರ್ಥನಾಲಯದೊಳಗೆ ಬೆಕೆಟ್ ಕೊಲೆಯಾದನು. ಈ ಕೊಲೆಯ ಕಥೆಯನ್ನು ಹೇಳುವವರು ಚರ್ಚಿನ ನ್ಯಾಯಾಲಯಗಳ ವಿವಾದವನ್ನೇ ಎತ್ತಿ ಹೇಳುವುದುಂಟು. ಆದರೆ ಕೊನೆಯ ಕಿಡಿ ಹೊತ್ತಿದ್ದು ಆ ಜೂನ್ ತಿಂಗಳ ಅಭಿಷೇಕದಿಂದ.

1174ರ ಜುಲೈನಲ್ಲಿ ಹೆನ್ರಿ ಬರಿಗಾಲಲ್ಲಿ ಕ್ಯಾಂಟರ್ಬರಿಗೆ ನಡೆದು, ಬೆಕೆಟ್‌ನ ಸಮಾಧಿಯ ಮುಂದೆ ಬೆನ್ನಿಗೆ ಛಡಿಯೇಟು ಸ್ವೀಕರಿಸಿದನು. ಆ ಹೊತ್ತಿಗೆ ಅವನ ಮೇಲೆ ಯುದ್ಧ ಸಾರಿದ್ದವನು ಅವನು ಪಟ್ಟ ಕಟ್ಟಿಸಿದ ಮಗನೇ. ಕಿರೀಟ ದೊರಕಿತು, ರಾಜ್ಯಭಾರ ದೊರಕಲಿಲ್ಲ ಎಂಬುದು ಆ ಯುವಕನ ದೂರು. ಅವನು ತಂದೆಗಿಂತ ಮೊದಲೇ, 1183ರಲ್ಲಿ ಆಮಶಂಕೆಯಿಂದ ಸತ್ತನು. 1189ರಲ್ಲಿ ಎರಡನೇ ಹೆನ್ರಿ ತೀರಿಕೊಂಡ ಮೇಲೆ ಇನ್ನೊಬ್ಬ ಮಗ ರಿಚರ್ಡ್‌ಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬಾಲ್ಡ್‌ವಿನ್ ಕಿರೀಟ ತೊಡಿಸಿದನು. ತಾನು ಬದುಕಿರುವಾಗಲೇ ಮಗನಿಗೆ ಪಟ್ಟ ಕಟ್ಟಿಸುವ ಪ್ರಯತ್ನವನ್ನು ಇಂಗ್ಲೆಂಡಿನ ಯಾವ ದೊರೆಯೂ ಮತ್ತೆ ಮಾಡಲಿಲ್ಲ.