ಧಾರವಾಡ ಸೀಮೆಯ ದೇವಾಲಯಗಳ ಹಳೆಯ ಛಾಯಾಚಿತ್ರಗಳು ಮತ್ತು ದೀರ್ಘನಾಭಿ ಮಸೂರ

ಧಾರವಾಡ ಸೀಮೆಯ ಕಲ್ಯಾಣ ಚಾಲುಕ್ಯರ ದೇವಾಲಯಗಳನ್ನು ಕುರಿತು ಬರೆಯುವವರು ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳ ಮೊರೆಹೋಗುವುದು ವಾಡಿಕೆಯಾಗಿದೆ. ಶಿಖರದ ಯಾವ ಸ್ತರ ಮೂಲದ್ದು, ಯಾವುದು ಆಮೇಲಿನ ದುರಸ್ತಿ ಎಂಬ ಚರ್ಚೆಯಲ್ಲಿ ಈ ಚಿತ್ರಗಳನ್ನು ಸಾಕ್ಷಿಯಾಗಿ ನಿಲ್ಲಿಸಲಾಗುತ್ತದೆ. ಆದರೆ ಚಿತ್ರವನ್ನು ಮೂಡಿಸಿದ ಮಸೂರ ಎಂಥದು, ಕ್ಯಾಮೆರಾ ಎಷ್ಟು ದೂರದಲ್ಲಿ ನಿಂತಿತ್ತು ಎಂಬ ವಿಚಾರಣೆ ವಿರಳ. ಅದಿಲ್ಲದೆ ಚಿತ್ರದಿಂದ ಶಿಖರದ ಪ್ರಮಾಣವನ್ನು ನಿರ್ಣಯಿಸುವುದು ಅಪಾಯಕರವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮುಂಬಯಿ ಸರಕಾರ ೧೮೫೫ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಸರಕಾರಿ ಛಾಯಾಚಿತ್ರಕಾರನನ್ನಾಗಿ ನೇಮಿಸಿತು. ಅವನು ಸೈನ್ಯಕ್ಕೆ ಮರಳಿದ ಮೇಲೆ ವೈದ್ಯನಾಗಿದ್ದ ಡಾ. ಪಿಗೊ ಆ ಕೆಲಸವನ್ನು ಮುಂದುವರಿಸಿದನು. ಇವರಿಬ್ಬರ ಹಾಗೂ ಎ.ಸಿ.ಬಿ. ನೀಲ್‌ನ ಚಿತ್ರಗಳು ೧೮೬೬ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಗ್ರಂಥದಲ್ಲಿ ಸೇರಿದವು. ಅದಕ್ಕೆ ಐತಿಹಾಸಿಕ ವಿವರಣೆ ಬರೆದವನು ಸುರಪುರದ ನಂಟಿನಿಂದ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್. ವಾಸ್ತು ಟಿಪ್ಪಣಿಗಳು ಜೇಮ್ಸ್ ಫರ್ಗುಸನ್‌ನವು. ಆ ಕಾಲದ ಚಿತ್ರಗಳನ್ನೆಲ್ಲ ‘ಒದ್ದೆಫಲಕದ ಚಿತ್ರ’ಗಳೆಂದು ಕರೆಯುವ ರೂಢಿಯುಂಟು. ಬಿಗ್ಸ್, ಪಿಗೊ, ನೀಲ್ ಮೂವರೂ ಬಳಸಿದ್ದು ಕಾಗದದ ನೆಗೆಟಿವ್. ೧೮೫೬ರಲ್ಲಿ ಹಂಪಿಯನ್ನು ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಕೂಡ ಸುಮಾರು ೧೬×೧೮ ಅಂಗುಲದ ಮೇಣದ ಕಾಗದವನ್ನೇ ನೆಚ್ಚಿದನು.

ಫ್ರೆಡರಿಕ್ ಸ್ಕಾಟ್ ಆರ್ಚರ್ ೧೮೫೧ರಲ್ಲಿ ಪ್ರಕಟಿಸಿದ ಒದ್ದೆಫಲಕ ವಿಧಾನದಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಹರಡಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕು. ಕೊಲೋಡಿಯನ್ನಿನಲ್ಲಿರುವ ಈಥರ್ ೩೪.೬ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ನವಲಗುಂದದ ಎರೆಭೂಮಿಯ ಬೇಸಗೆಯಲ್ಲಿ ಗಾಳಿಯೇ ಅದಕ್ಕಿಂತ ಬಿಸಿಯಾಗಿರುತ್ತದೆ. ಮೇಣದ ಕಾಗದವನ್ನಾದರೋ ಮುಂಚಿತವಾಗಿ ಸಿದ್ಧಪಡಿಸಿ ದಿನಗಟ್ಟಲೆ ಇಟ್ಟುಕೊಳ್ಳಬಹುದಾಗಿತ್ತು. ಎತ್ತಿನ ಬಂಡಿಯ ಪ್ರವಾಸಕ್ಕೆ ಅದೇ ಒಗ್ಗುವಂಥದು.

ಕಾಗದವಾಗಲಿ ಗಾಜಾಗಲಿ, ನೆಗೆಟಿವ್ ದೊಡ್ಡದಾದಷ್ಟೂ ಮಸೂರದ ನಾಭಿದೂರ ಹೆಚ್ಚಬೇಕು. ೧೬×೧೮ ಅಂಗುಲದ ಹಾಳೆಯ ಕರ್ಣವೇ ೨೪ ಅಂಗುಲ. ಸಾಮಾನ್ಯ ನೋಟಕ್ಕೆ ಅಷ್ಟು ನಾಭಿದೂರ ಬೇಕು, ದೂರನಿಂತು ತೆಗೆಯುವುದಾದರೆ ಇನ್ನೂ ಹೆಚ್ಚು. ದೂರ ನಿಲ್ಲುವುದರ ಮಹತ್ವ ಒಂದು ಲೆಕ್ಕದಿಂದ ತಿಳಿಯುತ್ತದೆ. ೧೨ ಮೀಟರ್ ಎತ್ತರದ ವಿಮಾನವೊಂದರ ಕಲಶ, ಎದುರಿನ ಗೋಡೆಗಿಂತ ೪ ಮೀಟರ್ ಹಿಂದಿದೆ ಎನ್ನೋಣ. ಗೋಡೆಯಿಂದ ೧೨ ಮೀಟರ್ ದೂರದಲ್ಲಿ ನಿಂತರೆ, ಗೋಡೆಗೆ ಹೋಲಿಸಿದಾಗ ಕಲಶದ ಎತ್ತರ ನಾಲ್ಕನೆಯ ಒಂದು ಭಾಗ ಕುಗ್ಗಿ ಕಾಣುತ್ತದೆ. ೪೮ ಮೀಟರ್ ದೂರಕ್ಕೆ ಸರಿದರೆ ಕುಗ್ಗುವುದು ಹದಿಮೂರನೆಯ ಒಂದು ಭಾಗ ಮಾತ್ರ. ಗೋಡೆಯನ್ನು ಎರಡೂ ಕಡೆಯಿಂದ ಒಂದೇ ಅಳತೆಯಲ್ಲಿ ಮೂಡಿಸಲು ಮೊದಲನೆಯದಕ್ಕೆ ೨೫ ಸೆಂ.ಮೀ. ನಾಭಿದೂರದ ಮಸೂರ ಸಾಕು, ಎರಡನೆಯದಕ್ಕೆ ೧೦೦ ಸೆಂ.ಮೀ. ಬೇಕು. ಒಂದೇ ಗುಡಿಯ ಎರಡು ಚಿತ್ರಗಳಲ್ಲಿ ಶಿಖರ ಒಮ್ಮೆ ಗಿಡ್ಡಾಗಿ, ಒಮ್ಮೆ ನೀಳವಾಗಿ ತೋರಿದರೆ ನಡುವೆ ಜೀರ್ಣೋದ್ಧಾರ ನಡೆದಿರಲೇಬೇಕೆಂದಿಲ್ಲ.

ಈ ಅಂಶವನ್ನು ಕಣ್ಣಾರೆ ಕಾಣಲು ಬೆಲೆಬಾಳುವ ಹಿತ್ತಾಳೆಯ ಮಸೂರ ಬೇಡ. ದೀರ್ಘನಾಭಿ ಮಸೂರವನ್ನು ಮನೆಯಲ್ಲೇ ಕಟ್ಟಬಹುದು. ಕನ್ನಡಕದ ಅಂಗಡಿಯಲ್ಲಿ ಸಿಗುವ, ಅಂಚು ಕತ್ತರಿಸದ ಪ್ಲಸ್ ಒಂದು ಡಯಾಪ್ಟರ್ ಗಾಜಿನ ನಾಭಿದೂರ ಸರಿಯಾಗಿ ಒಂದು ಮೀಟರ್. ಪ್ಲಾಸ್ಟಿಕ್ಕಿನದು ಸಲ್ಲದು, ಏಕೆಂದರೆ ಕೊಲೋಡಿಯನ್ನಿಗೆ ಬೇಕಾದ ನೇರಳಾತೀತ ಬೆಳಕನ್ನು ಅದು ಬಹುಮಟ್ಟಿಗೆ ತಡೆಯುತ್ತದೆ; ಲೇಪನವಿಲ್ಲದ ಗಾಜೇ ಆಗಬೇಕು. ಅದನ್ನು ಒಳಗೆ ಕಪ್ಪು ಕಾಗದ ಹೊದಿಸಿದ ಕೊಳವೆಯಲ್ಲಿ, ತಗ್ಗಾದ ಮೈ ದೇಗುಲದ ಕಡೆಗಿರುವಂತೆ ಕೂಡಿಸಬೇಕು. ಅದರ ಮುಂದೆ ೩ ಸೆಂ.ಮೀ. ತೂತಿನ ತಗಡಿನ ಬಿಲ್ಲೆಯನ್ನಿಟ್ಟು, ಚಿತ್ರದ ಅಂಚುಗಳು ತಿಳಿಯಾಗುವವರೆಗೆ ಹಿಂದೆಮುಂದೆ ಸರಿಸಬೇಕು. ವೋಲಸ್ಟನ್ ೧೮೧೨ರಲ್ಲಿ ಸೂಚಿಸಿದ ಮಸೂರದ ತತ್ತ್ವವೇ ಇದು. ಟೆಲಿಫೋಟೊ ಮಸೂರ ಬಂದದ್ದು ೧೮೯೧ರಲ್ಲಿ. ಅದಕ್ಕೆ ಮುಂಚೆ ಒಂದು ಮೀಟರ್ ನಾಭಿದೂರಕ್ಕೆ ಒಂದು ಮೀಟರ್ ಉದ್ದದ ತಿದಿಯೇ ಬೇಕಾಗಿತ್ತು.

ಇಲ್ಲೊಂದು ತೊಡಕಿದೆ. ಒರಟುಗಾಜಿನ ಮೇಲೆ ನಮ್ಮ ಕಣ್ಣು ಹಳದಿ-ಹಸಿರು ಬೆಳಕಿನಲ್ಲಿ ಸ್ಪಷ್ಟತೆಯನ್ನು ನಿರ್ಣಯಿಸುತ್ತದೆ. ಕೊಲೋಡಿಯನ್ ಗ್ರಹಿಸುವುದು ನೀಲಿ-ನೇರಳೆಯನ್ನು. ಒಂಟಿ ಗಾಜಿನಲ್ಲಿ ನೇರಳೆಯ ನಾಭಿ ಸುಮಾರು ನಲವತ್ತರಿಂದ ಐವತ್ತರಲ್ಲಿ ಒಂದು ಭಾಗದಷ್ಟು ಮಸೂರದ ಹತ್ತಿರ ಬೀಳುತ್ತದೆ. ಎಂದರೆ ಕಣ್ಣಿಗೆ ತಿಳಿಯಾದ ಮೇಲೆ ಫಲಕವನ್ನು ೨ರಿಂದ ೨.೫ ಸೆಂ.ಮೀ. ಮುಂದೆ ತಳ್ಳಬೇಕು. ತಳ್ಳದಿದ್ದರೆ ಪ್ರತಿಯೊಂದು ಬಿಂದುವೂ ಅರ್ಧ ಮಿಲಿಮೀಟರಿಗೂ ಮಿಕ್ಕಿ ಹರಡುತ್ತದೆ. ಜಾಲಂಧ್ರದ ಕುಸುರಿ ಕಲಸಿಹೋಗುತ್ತದೆ. ಹಳೆಯ ಚಿತ್ರದಲ್ಲಿ ಶಿಲ್ಪ ಮಸುಕಾಗಿದ್ದರೆ ಕಲ್ಲು ಸವೆದಿತ್ತೆಂದು ಬರೆಯುವ ಮುನ್ನ ಈ ದೋಷವನ್ನೂ ನೆನೆಯಬೇಕು. ಬಿಲ್ಲೆ ಮುಂದಿರುವ ಒಂಟಿ ಮಸೂರ ಅಂಚಿನ ನೇರ ಗೆರೆಗಳನ್ನು ಹೊರಕ್ಕೆ ಬಾಗಿಸುವುದೂ ಉಂಟು. ಒಂದೇ ಬಗೆಯ ಎರಡು ಗಾಜುಗಳ ನಡುವೆ ಬಿಲ್ಲೆಯನ್ನಿಟ್ಟರೆ ಆ ಬಾಗು ಅಳಿಯುತ್ತದೆ, ಆದರೆ ನಾಭಿದೂರ ಅರ್ಧಕ್ಕಿಳಿಯುತ್ತದೆ. ಶ್ಟೈನ್‌ಹೈಲ್ ೧೮೬೫ರಲ್ಲಿ ಮಾಡಿದ ‘ಪೆರಿಸ್ಕೋಪ್’ ಮಸೂರದ ರಚನೆ ಇಂಥದು.

ಹಿಂದೆ ನವಲಗುಂದಕ್ಕೆ ಸೇರಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಸುಮಾರು ೧೦೫೦ರದು, ಬಳಪದ ಕಲ್ಲಿನದು, ೭೬ ಕಂಬಗಳದು. ಬಿಸಿಲಿನಲ್ಲಿರುವ ಅದರ ಹೊರಗೋಡೆಗೆ ಮೇಲಿನ ಮಸೂರದಿಂದ ಐದಾರು ಸೆಕೆಂಡು ಬೆಳಕು ಸಾಕು. ಒಳಗಿನ ಕಂಬಗಳಿಗೆ ಹತ್ತಾರು ನಿಮಿಷ ಬೇಕು. ಅಷ್ಟರಲ್ಲಿ ಒದ್ದೆಫಲಕ ಒಣಗಿಹೋಗುತ್ತದೆ. ಆದ್ದರಿಂದ ಆ ಕಾಲದ ಸಂಗ್ರಹಗಳಲ್ಲಿ ಒಳನೋಟ ಕಡಿಮೆಯಾಗಿದ್ದರೆ ಅದನ್ನು ಛಾಯಾಚಿತ್ರಕಾರರ ಅನಾದರವೆನ್ನಲಾಗದು.

ಮೂಲ ಪ್ರತಿ ಕೈಯಲ್ಲಿದ್ದರೆ ಮಸೂರವನ್ನು ಇಂದಿಗೂ ಗುರುತಿಸಬಹುದು. ಚಿತ್ರದಲ್ಲಿ ಹತ್ತಿರದ ಕಂಬವೊಂದರ ಅಂಚು ದೂರದ ಗೋಡೆಯ ಯಾವ ಬಿಂದುವಿಗೆ ತಾಗಿದೆಯೆಂದು ನೋಡಿ, ಸ್ಥಳದಲ್ಲಿ ಅಂಥ ಎರಡು ಮೂರು ಜೋಡಿಗಳನ್ನು ಹೊಂದಿಸಿದರೆ ಕ್ಯಾಮೆರಾ ನಿಂತ ನೆಲೆ ಸಿಗುತ್ತದೆ. ಅಲ್ಲಿಂದ ಗೋಡೆಗಿರುವ ದೂರವನ್ನು ಚಿತ್ರದಲ್ಲಿನ ಗೋಡೆಯ ಅಳತೆಯಿಂದ ಗುಣಿಸಿ ನಿಜವಾದ ಅಳತೆಯಿಂದ ಭಾಗಿಸಿದರೆ ಬರುವುದೇ ನಾಭಿದೂರ. ಗ್ರೀನ್‌ಲಾ ನಿಂತ ನೆಲೆಗಳಲ್ಲೇ ನಿಂತು ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಹಂಪಿಯನ್ನು ಮರುಚಿತ್ರಿಸಿದ್ದು ಇದಕ್ಕೆ ಸಮೀಪದ ಮಾದರಿ. ಆ ಕಾಲದ ಪ್ರತಿಗಳನ್ನು ನೆಗೆಟಿವ್‌ಗೆ ಒತ್ತಿಯೇ ಮುದ್ರಿಸುತ್ತಿದ್ದುದರಿಂದ ಎರಡರ ಗಾತ್ರವೂ ಒಂದೇ. ಕಾಗದ ನೆನೆದು ಒಣಗುವಾಗಿನ ಅಲ್ಪ ಹಿಗ್ಗು-ಕುಗ್ಗನ್ನು ಮಾತ್ರ ಕಳೆಯಬೇಕು. ಆದುದರಿಂದ ಗ್ರಂಥಾಲಯಗಳು ತಮ್ಮ ಸೂಚಿಗಳಲ್ಲಿ ಪುಟದ ಅಳತೆಯ ಜೊತೆಗೆ ಅಂಟಿಸಿದ ಚಿತ್ರದ ಅಳತೆಯನ್ನೂ, ಅಂಚು ಕತ್ತರಿಸಿದೆಯೇ ಎಂಬುದನ್ನೂ ದಾಖಲಿಸುವುದು ಅಗತ್ಯ. ಹೆನ್ರಿ ಕಸಿನ್ಸ್‌ನ ೧೯೨೬ರ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಗ್ರಂಥದಲ್ಲಿ ಅಣ್ಣಿಗೇರಿ ಮತ್ತು ಕುಂದಗೋಳದ ದೇವಾಲಯಗಳೆರಡೂ ಇವೆ. ಆದರೆ ಅದರ ಫಲಕಗಳು ಅಚ್ಚಿಗಾಗಿ ಅಳತೆ ಬದಲಿಸಿದ ಮುದ್ರಣಗಳು. ಅವುಗಳಿಂದ ಕ್ಯಾಮೆರಾ ನಿಂತ ನೆಲೆಯನ್ನು ಕಂಡುಹಿಡಿಯಬಹುದು. ನಾಭಿದೂರವನ್ನು ಎಣಿಸಲು ಮೂಲ ನೆಗೆಟಿವ್‌ನ ಗಾತ್ರವೇ ಬೇಕು.