ಕಡಲ ದಡದ ಬುರುಜು

ದೂರದ ಗ್ರೀಸ್ ದೇಶದ ಹಳೆಯ ಬುರುಜೊಂದಕ್ಕೂ ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೂ ಏನು ನಂಟೆಂದು ವಾಚಕ ಮಹಾಶಯರು ಕೇಳಬಹುದು. ಅಲ್ಲಿಗೆ ಹೋಗುವವರೆಗೆ ನಮಗೂ ಅದು ತಿಳಿದಿರಲಿಲ್ಲ. ಹಲವು ವರ್ಷಗಳ ಉಳಿತಾಯವನ್ನೂ ಬ್ಯಾಂಕಿನ ರಜೆಯನ್ನೂ ಕೂಡಿಸಿಕೊಂಡು ಸಂಸಾರಸಮೇತ ಕೈಗೊಂಡ ಪ್ರವಾಸದಲ್ಲಿ, ಥೆಸಲೊನೀಕಿ ನಗರದಿಂದ ಬಸ್ಸು ಹಿಡಿದು ನೂರು ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ, ಉರನೂಪೊಲಿ ಎಂಬ ಕಡಲೂರನ್ನು ಸೇರಿದೆವು.

ಊರಿಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ನೀರಂಚಿನಲ್ಲಿ ನಿಂತ ಪ್ರೋಸ್ಫೋರಿ ಬುರುಜು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಹುಡೇವನ್ನು ಕಂಡವರಿಗೆ ಇದರ ಗೋಡೆಗಳ ದಪ್ಪ ಹೊಸದೆನಿಸದು. ಆದರೆ ಇದು ಚೌಕಾಕಾರದ್ದು. ಬೈಜಾಂಟಿಯನ್ ಚಕ್ರವರ್ತಿಗಳ ಕಾಲದಲ್ಲಿ, 1344ಕ್ಕೆ ಮುಂಚೆಯೇ ಇದು ಇತ್ತು. ಭೂಕಂಪಗಳಿಂದ ಜಖಂಗೊಂಡು ಮೇಲಿನ ಅಂತಸ್ತುಗಳು ಮುಂದೆ ಹೊಸದಾಗಿ ಕಟ್ಟಲ್ಪಟ್ಟವು. ಕೆಳಗಿನವು ಮಾತ್ರ ಪ್ರಾಚೀನವಾದವು. ಹತ್ತಿರದ ಆಥೋಸ್ ಪರ್ವತದ ವಾಟೊಪೇಡಿ ಮಠಕ್ಕೆ ಇಲ್ಲಿ ಹೊಲಗದ್ದೆಗಳಿದ್ದವು. ಕಡಲುಗಳ್ಳರ ಭಯವಿದ್ದ ಆ ಕಾಲದಲ್ಲಿ ಮಠದ ಸೊತ್ತಿಗೆ ಈ ಬುರುಜೇ ಕಾವಲು. ದಿನವೂ ಖಜಾನೆಯ ಬೀಗದ ಕೈ ಸದ್ದು ಕೇಳುವ ನಮ್ಮಂಥ ಗುಮಾಸ್ತರಿಗೆ ಆ ಕಲ್ಲುಗೋಡೆಗಳ ಉದ್ದೇಶ ಬೇಗನೆ ಅರ್ಥವಾಯಿತು.

ಆದರೆ ಬುರುಜಿನ ಹಿರಿಮೆ ಸೊತ್ತು ಕಾದುದರಲ್ಲಿಲ್ಲ. 1922ರಲ್ಲಿ ಗ್ರೀಕ್ ಸೈನ್ಯ ತುರ್ಕರಿಗೆ ಸೋತಿತು. 1923ರಲ್ಲಿ ಲೋಸಾನ್‌ನಲ್ಲಿ ಜನರ ವಿನಿಮಯದ ಒಪ್ಪಂದವಾಯಿತು. ಯಾರು ಯಾವ ದೇಶಕ್ಕೆಂದು ನಿರ್ಧರಿಸಿದ್ದು ಮತ. ಆಡುವ ಭಾಷೆಯನ್ನು ಯಾರೂ ಕೇಳಲಿಲ್ಲ. ತುರ್ಕಿ ಭಾಷೆಯನ್ನೇ ಮನೆಮಾತಾಗಿ ಆಡುತ್ತಿದ್ದ ಕ್ರೈಸ್ತರೂ ಗ್ರೀಸಿಗೆ ಬಂದರು. ಗ್ರೀಕ್ ಆಡುತ್ತಿದ್ದ ಮುಸಲ್ಮಾನರೂ ತುರ್ಕಿಗೆ ಹೋದರು. ಗ್ರೀಸಿಗೆ ಬಂದವರೇ ಸುಮಾರು 12 ಲಕ್ಷ. ಅವರಲ್ಲಿ ಕೆಲವು ಕುಟುಂಬಗಳಿಗೆ ಬುರುಜಿನ ಸುತ್ತಲಿನ ಮಠದ ಭೂಮಿ ದೊರೆತು ಈ ಹಳ್ಳಿ ಹುಟ್ಟಿತು.

ನಿರಾಶ್ರಿತರ ಸೇವೆಗೆಂದು ಗ್ರೀಸಿಗೆ ಬಂದಿದ್ದ ಜಾಯ್ಸ್ ಮತ್ತು ಸಿಡ್ನಿ ಲಾಕ್ ದಂಪತಿಗಳು 1928ರಲ್ಲಿ ಈ ಬುರುಜನ್ನೇ ಮನೆ ಮಾಡಿಕೊಂಡರು. ಜಾಯ್ಸ್ ಆಸ್ಟ್ರೇಲಿಯಾದವರು. ಊರವರ ಕಾಯಿಲೆ ಕಸಾಲೆಗೆ ಆಕೆಯೇ ಔಷಧಿ ಕೊಡುತ್ತಿದ್ದರು. 1932ರ ಭೂಕಂಪದಲ್ಲಿ ನೊಂದವರಿಗೂ ನೆರವಾದರು. ಏಷ್ಯಾ ಮೈನರಿನಿಂದ ಬಂದ ಹೆಂಗಸರು ತಂದಿದ್ದ ಆಸ್ತಿಯೆಂದರೆ ರತ್ನಗಂಬಳಿ ನೇಯುವ ವಿದ್ಯೆ. ಅದಕ್ಕೆ ಮಗ್ಗ, ಉಣ್ಣೆ, ಮಾರಾಟದ ಏರ್ಪಾಡುಗಳನ್ನು ದಂಪತಿಗಳು ಒದಗಿಸಿದರು. ಆಥೋಸ್ ಪರ್ವತಕ್ಕೆ ಇಂದಿಗೂ ಸ್ತ್ರೀಯರಿಗೆ ಪ್ರವೇಶವಿಲ್ಲ; ಆದುದರಿಂದ ಅಲ್ಲಿನ ಮಠಗಳ ಚಿತ್ತಾರಗಳನ್ನು ಸಿಡ್ನಿ ತಂದುಕೊಡಲು, ಹೆಂಗಸರು ಅವನ್ನು ಗಂಬಳಿಗಳಲ್ಲಿ ಮೂಡಿಸಿದರು. ಜಾಯ್ಸ್ 1982ರಲ್ಲಿ ತೀರಿಕೊಂಡರು.

ಬುರುಜಿನ ನೆರಳಿನಲ್ಲಿ ಕುಳಿತು ಈ ಕಥೆಯನ್ನು ಹೇಳಿದಾಗ ನಮ್ಮ ಮಗಳು ಕೇಳಿದಳು: "ಅಪ್ಪಾ, ಇಲ್ಲೇ ಹುಟ್ಟಿದ ಅವರ ಮಕ್ಕಳು ತಮ್ಮ ಊರು ಯಾವುದು ಅಂತ ಹೇಳ್ತಿದ್ರು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಕೆ ಹುಟ್ಟಿದ್ದು ಪುಣೆಯಲ್ಲಿ.

ಅವರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ಅವರಿಗೆ ಹಿಂದಿರುಗುವ ದಾರಿ ಮುಚ್ಚಿತ್ತು. ನಾವು ನೌಕರಿಗಾಗಿ ಒಪ್ಪಿ ಬಂದವರು, ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಧಾರವಾಡ. ಎಲ್ಲವನ್ನೂ ಕಳೆದುಕೊಂಡವರು ಕೈಯ ವಿದ್ಯೆಯನ್ನು ಬಿಡಲಿಲ್ಲ. ಏನನ್ನೂ ಕಳೆದುಕೊಳ್ಳದ ನಾವು ಮಗಳಿಗೆ ಕನ್ನಡ ಓದುಬರಹ ಕಲಿಸುವುದನ್ನು "ಮುಂದಿನ ವರ್ಷ ನೋಡೋಣ" ಎಂದು ಮೂರು ವರ್ಷ ತಳ್ಳಿದ್ದೆವು.

ಊರಿಗೆ ಮರಳಿದ ಭಾನುವಾರವೇ ಸ್ಲೇಟು ಬಳಪ ತಂದೆವು. ಈಗ ಒತ್ತಕ್ಷರಗಳವರೆಗೆ ಬಂದಿದ್ದೇವೆ. ಈ ಲೇಖನದ ಶೀರ್ಷಿಕೆಯನ್ನು ಆಕೆ ತಾನೇ ಓದಿದಳೆಂಬುದನ್ನು ವಾಚಕರಿಗೆ ಸಂತೋಷದಿಂದ ಅರಿಕೆ ಮಾಡಿಕೊಳ್ಳುತ್ತೇವೆ.